ಸಬ್‌ಗ್ರೂಪ್‌ಗಳ ಎಣಿಕೆಗೆ ‘ಗ್ಯಾಪ್’: ಮಲೆನಾಡಿನ ತರಗತಿಯಲ್ಲಿ ಬಳಸಿ ನೋಡಿದ ವಿಮರ್ಶೆ

ಮೂರು ವಸ್ತುಗಳನ್ನು ಅದಲುಬದಲು ಮಾಡುವ ಎಲ್ಲ ಬಗೆಗಳ ಕೂಟವಾದ ಸಿಮೆಟ್ರಿಕ್ ಗ್ರೂಪಿನಲ್ಲಿ, ತಾವೂ ಗ್ರೂಪ್‌ಗಳೇ ಆದ ಒಳಕೂಟಗಳು ಎನ್ನಬಹುದಾದ 6 ಸಬ್‌ಗ್ರೂಪ್‌ಗಳಿವೆ ಎಂಬುದನ್ನು ಹಲಗೆಯ ಮೇಲೆ ಸ್ವಲ್ಪ ಹೊತ್ತಿನಲ್ಲೇ ತೋರಿಸಿಬಿಡಬಹುದು. ನಾಲ್ಕು ವಸ್ತುಗಳಿಗೆ ಬಂದರೆ ಅದು 30 ಆಗುತ್ತದೆ. ತಾಳ್ಮೆಯುಳ್ಳ ವಿದ್ಯಾರ್ಥಿಗಳಿದ್ದು ಇಡೀ ಒಂದು ಪಾಠದ ಅವಧಿಯನ್ನು ಮೀಸಲಿಟ್ಟರೆ ಇದೂ ಕೈಲೆಕ್ಕದಲ್ಲೇ ಮುಗಿಯುತ್ತದೆ. ಆದರೆ ಐದಕ್ಕೆ 156, ಆರಕ್ಕೆ 1,455, ಏಳಕ್ಕೆ 11,300 ಎಂದು ಏರುತ್ತ ಹೋಗುವ ಈ ಲೆಕ್ಕವನ್ನು ಕೈಯಿಂದ ಮಾಡಹೊರಡುವುದು ವ್ಯರ್ಥ ಶ್ರಮ. ಈ ಕೆಲಸಕ್ಕೆಂದು ಶಿವಮೊಗ್ಗ ಜಿಲ್ಲೆಯ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ನಾನು ಬಳಸುತ್ತ ಬಂದಿರುವ ‘ಗ್ಯಾಪ್’ ಎಂಬ ಉಚಿತ ತಂತ್ರಾಂಶದ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳುವುದಾದರೆ, ಲೆಕ್ಕದ ಮಟ್ಟಿಗೆ ಇದಕ್ಕಿಂತ ನೆಚ್ಚಬಹುದಾದ ಉಚಿತ ಸಾಧನ ನನಗೆ ಸಿಕ್ಕಿಲ್ಲ. ಆದರೆ ತಾವು ಏನನ್ನು ಎಣಿಸುತ್ತಿದ್ದೇವೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಅದರ ಮುಂದೆ ಕೂತವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಈ ತಂತ್ರಾಂಶದ ಕೆಲಸ 1986ರಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ಯೋಆಖಿಮ್ ನಾಯ್‌ಬ್ಯೂಸರ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1997ರಲ್ಲಿ ಅದರ ಕೇಂದ್ರ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡಿತು. ಈಗ ಹಲವು ದೇಶಗಳ ಗಣಿತಜ್ಞರು ಒಟ್ಟಾಗಿ ಅದನ್ನು ನಡೆಸುತ್ತಿದ್ದಾರೆ. ನಾಯ್‌ಬ್ಯೂಸರ್ ಅವರು 1960ರಷ್ಟು ಹಿಂದೆಯೇ, ಅಂದಿನ ಕಂಪ್ಯೂಟರಿನ ಮೇಲೆ ಒಂದು ಗ್ರೂಪಿನ ಎಲ್ಲ ಸಬ್‌ಗ್ರೂಪ್‌ಗಳನ್ನು ಹುಡುಕುವ ವಿಧಾನವನ್ನು ಪ್ರಕಟಿಸಿದವರು. ಹಾಗಾಗಿ ಸಬ್‌ಗ್ರೂಪ್‌ಗಳ ಎಣಿಕೆ ಗ್ಯಾಪ್‌ಗೆ ಆಮೇಲೆ ಅಂಟಿಸಿದ ಸೌಲಭ್ಯವಲ್ಲ, ಅದರ ವಂಶದಲ್ಲೇ ಬಂದದ್ದು. ಬೆಲೆಯ ವಿಷಯದಲ್ಲಿ ಹೇಳುವುದು ಏನೂ ಇಲ್ಲ: ಜಿಪಿಎಲ್ ಪರವಾನಗಿಯಡಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ಮೂಲ ಸಂಕೇತವನ್ನು ತೆರೆದು ಓದಬಹುದು.

ಇಳಿಸಿಕೊಳ್ಳುವ ಕಡತ ನೂರಾರು ಎಂಬಿಗಳಷ್ಟು ದೊಡ್ಡದು. ಶಿವಮೊಗ್ಗ ಪಟ್ಟಣದಲ್ಲಿ ಇದು ದೊಡ್ಡ ಮಾತಲ್ಲ. ಹೊಸನಗರದ ಒಳಹಳ್ಳಿಗಳಿಂದಲೋ ಆಗುಂಬೆಯ ಸುತ್ತಮುತ್ತಲಿನಿಂದಲೋ ಬರುವ ವಿದ್ಯಾರ್ಥಿಗೆ, ಅದರಲ್ಲೂ ಮಳೆಗಾಲದಲ್ಲಿ ನೆಟ್‌ವರ್ಕ್ ಎಂಬುದು ಗುಡ್ಡ ಹತ್ತಿದರೆ ಮಾತ್ರ ಸಿಗುವ ವಸ್ತುವಾದಾಗ, ಅದು ದೊಡ್ಡ ಮಾತೇ. ಆದರೆ ಒಮ್ಮೆ ಪೆನ್‌ಡ್ರೈವಿನಲ್ಲಿ ಕೊಟ್ಟು ಕಳುಹಿಸಿದರೆ ಆಮೇಲೆ ನೆಟ್‌ವರ್ಕಿನ ಹಂಗಿಲ್ಲ. ಲೆಕ್ಕವೆಲ್ಲ ಅವರದೇ ಲ್ಯಾಪ್‌ಟಾಪಿನೊಳಗೆ ನಡೆಯುತ್ತದೆ, ಕೈಪಿಡಿಯೂ ಅದರೊಂದಿಗೇ ಬರುತ್ತದೆ. ಎಲ್ಲವೂ ಅಂತರ್ಜಾಲದ ಮೂಲಕವೇ ಆಗಬೇಕೆಂದು ಹಟ ಹಿಡಿಯುವ ಇಂದಿನ ತಂತ್ರಾಂಶಗಳ ನಡುವೆ ಮಲೆನಾಡಿನ ಮಟ್ಟಿಗೆ ಇದೊಂದು ಗುಣವೇ ಗ್ಯಾಪ್‌ನ ಪರವಾಗಿ ಬಹಳಷ್ಟು ಹೇಳುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ಹಳೆಯ ಯಂತ್ರವಾದರೂ ಸಾಕು.

ಮೊದಲ ನೋಟಕ್ಕೆ ಮಾತ್ರ ಅದು ಒಲಿಯುವುದಿಲ್ಲ. ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಕಪ್ಪು ಕಿಟಕಿಯೊಂದರಲ್ಲಿ ‘ಗ್ಯಾಪ್’ ಎಂಬ ಸೂಚನೆಯ ಪಕ್ಕದಲ್ಲಿ ಕರ್ಸರ್ ಮಿನುಗುತ್ತಿರುತ್ತದೆ, ಅಷ್ಟೇ. ಪ್ರತಿ ಆಜ್ಞೆಯ ಕೊನೆಗೆ ಅರ್ಧವಿರಾಮ ಹಾಕಬೇಕು. ಹಾಕದಿದ್ದರೆ ಅದು ಮುಂದಿನ ಸಾಲಿಗಾಗಿ ಸುಮ್ಮನೆ ಕಾಯುತ್ತದೆ, ಹೊಸಬರು ಯಂತ್ರವೇ ನಿಂತುಹೋಯಿತೆಂದು ತಿಳಿಯುತ್ತಾರೆ. ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನು ಅದು ಕ್ಷಮಿಸುವುದಿಲ್ಲ: ‘ಸಿಮೆಟ್ರಿಕ್‌ಗ್ರೂಪ್’ ಎಂಬ ಆಜ್ಞೆಯನ್ನು ಸಣ್ಣಕ್ಷರಗಳಲ್ಲಿ ಬರೆದರೆ, ಆ ಹೆಸರಿನ ಚರಕ್ಕೆ ಬೆಲೆಯೇ ಇಲ್ಲವೆಂಬ ದೋಷಸೂಚನೆ ಬರುತ್ತದೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಅಭ್ಯಾಸವಾಗುವ ಸಂಗತಿಗಳು. ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕ್ರಮಯೋಜನೆಗಳ (ವಸ್ತುಗಳ ಅದಲುಬದಲುಗಳ) ಗುಣಾಕಾರದ, ಅಂದರೆ ಒಂದಾದ ಮೇಲೊಂದನ್ನು ಮಾಡುವುದರ, ದಿಕ್ಕು. ಗ್ಯಾಪ್ ಎಡದಿಂದ ಬಲಕ್ಕೆ ಗುಣಿಸುತ್ತದೆ, ಆದ್ದರಿಂದ (1,2), ಅಂದರೆ 1 ಮತ್ತು 2ರ ಅದಲುಬದಲು, ಮತ್ತು (1,3) ಎಂಬವನ್ನು ಆ ಕ್ರಮದಲ್ಲಿ ಗುಣಿಸಿದರೆ (1,2,3), ಅಂದರೆ 1ರಿಂದ 2ಕ್ಕೆ, 2ರಿಂದ 3ಕ್ಕೆ, 3ರಿಂದ 1ಕ್ಕೆ ಸುತ್ತುವ ಚಕ್ರ, ಎಂಬ ಉತ್ತರ ಕೊಡುತ್ತದೆ. ಬಲದಿಂದ ಎಡಕ್ಕೆ ಗುಣಿಸಲು ಕಲಿತವರ ನೋಟ್ ಪುಸ್ತಕದಲ್ಲಿ ಅದೇ ಗುಣಲಬ್ಧ (1,3,2) ಎಂದಿರುತ್ತದೆ. ಸಬ್‌ಗ್ರೂಪ್‌ಗಳ ಎಣಿಕೆ ಇದರಿಂದ ಬದಲಾಗುವುದಿಲ್ಲವಾದರೂ, ಈ ವ್ಯತ್ಯಾಸವನ್ನು ಮೊದಲೇ ಹೇಳಿಕೊಡದ ಅಧ್ಯಾಪಕರು ಆಮೇಲೆ ಬಹಳ ಹೊತ್ತು ವಿವರಣೆ ಕೊಡಬೇಕಾಗುತ್ತದೆ.

ಇನ್ನು ಎಣಿಕೆಯ ವಿಷಯ. ನಾಲ್ಕು ವಸ್ತುಗಳ ಗ್ರೂಪನ್ನು ಎಸ್-4 ಎಂದು ಕರೆಯೋಣ. ‘ಆಲ್‌ಸಬ್‌ಗ್ರೂಪ್ಸ್’ ಎಂಬ ಆಜ್ಞೆ ಕೊಟ್ಟು ಪಟ್ಟಿಯ ಉದ್ದ ಕೇಳಿದರೆ 30 ಎನ್ನುತ್ತದೆ. ‘ಕಾಂಜುಗಸಿ‌ಕ್ಲಾಸಸ್‌ಸಬ್‌ಗ್ರೂಪ್ಸ್’ ಎಂಬುದನ್ನು ಕೊಟ್ಟರೆ 11 ವರ್ಗಗಳ ಪಟ್ಟಿ ಬರುತ್ತದೆ. ವಸ್ತುಗಳ ಹೆಸರುಗಳನ್ನು ಅದಲುಬದಲು ಮಾಡಿದಾಗ ಒಂದು ಇನ್ನೊಂದಾಗಿ ಮಾರ್ಪಡುವ ಸಬ್‌ಗ್ರೂಪ್‌ಗಳೆಲ್ಲ ಇಲ್ಲಿ ಒಂದೇ ವರ್ಗಕ್ಕೆ ಸೇರುತ್ತವೆ. ಪ್ರತಿಯೊಂದು ವರ್ಗದ ಪ್ರತಿನಿಧಿಯ ರಚನೆಯನ್ನು ಕೇಳಿ, ಐಸೊಮಾರ್ಫಿಕ್ ಆದವುಗಳನ್ನು (ರಚನೆಯಲ್ಲಿ ಒಂದೇ ತೆರನಾದವನ್ನು) ಒಂದೇ ಎಂದು ಗಣಿಸಿದರೆ ಉಳಿಯುವುದು 9. ಒಂದೇ ಪ್ರಶ್ನೆಯಂತೆ ಕಾಣುವುದಕ್ಕೆ ಮೂರು ಉತ್ತರಗಳು, ಮೂರೂ ಸರಿ. 11 ಮತ್ತು 9ರ ನಡುವಿನ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಲು ಹಚ್ಚಿದಾಗ ವಿದ್ಯಾರ್ಥಿಗಳು ಎರಡು ಕಡೆ ನಿಲ್ಲುತ್ತಾರೆ. ಎರಡು ಅಂಶಗಳ ಸಬ್‌ಗ್ರೂಪ್‌ಗಳಲ್ಲಿ (1,2) ಮಾದರಿಯವು 6, (1,2)(3,4) ಮಾದರಿಯವು 3. ರಚನೆ ಒಂದೇ, ವರ್ಗ ಬೇರೆ. ನಾಲ್ಕು ಅಂಶಗಳ ಕ್ಲೈನ್ ಗ್ರೂಪ್ ಕೂಡ ಎರಡು ಬಗೆಯಲ್ಲಿ ಬರುತ್ತದೆ: ಒಂದು ನಾರ್ಮಲ್, ಅಂದರೆ ವಸ್ತುಗಳ ಹೆಸರು ಬದಲಿಸಿದರೂ ತಾನೇ ಆಗಿ ಉಳಿಯುವಂಥದ್ದು, ಅದು ಒಂಟಿ, ಇನ್ನೊಂದು ಬಗೆಯವು 3, ಅವು ನಾರ್ಮಲ್ ಅಲ್ಲ. ಗ್ಯಾಪ್ ಈ ಎರಡಕ್ಕೂ ‘ಸಿ2 × ಸಿ2’ ಎಂಬ ಒಂದೇ ಹೆಸರನ್ನು ಬರೆದುಬಿಡುತ್ತದೆ. ಹೆಸರನ್ನಷ್ಟೇ ಓದಿ ಮುಂದೆ ಹೋದವರಿಗೆ ಈ ವಿಷಯದ ಅರ್ಧ ತಪ್ಪಿಹೋಗುತ್ತದೆ. ಅಂದಹಾಗೆ, ಚೌಕದ ಸಮಮಿತಿಗಳ ಎಂಟು ಅಂಶಗಳ ಗ್ರೂಪನ್ನು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಡಿ-4 ಎಂದು ಬರೆಸುತ್ತೇವೆ. ಗ್ಯಾಪ್ ಅದನ್ನೇ ‘ಡಿ8’ ಎನ್ನುತ್ತದೆ.

ಐದು ವಸ್ತುಗಳಿಗೆ ಈ ಮೂರು ಉತ್ತರಗಳು 156, 19 ಮತ್ತು 16. ಇಲ್ಲಿಂದ ಮುಂದೆ ಯಾವ ಆಜ್ಞೆಯನ್ನು ಬಳಸುತ್ತೇವೆ ಎಂಬುದು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಯಂತ್ರದ ಸಾಮರ್ಥ್ಯದ ಪ್ರಶ್ನೆಯಾಗುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆ ಮಾಡಿ, ಪ್ರತಿ ಬಗೆಯ ಪ್ರಮಾಣವನ್ನು ಬೇರೆಬೇರೆಯಾಗಿ ಬರೆದುಕೊಂಡು ಕೂಡುತ್ತಾರೆ. ಗ್ಯಾಪ್‌ನಲ್ಲೂ ಅದೇ ಸರಿಯಾದ ದಾರಿ. ವರ್ಗಗಳ ಪಟ್ಟಿಯನ್ನು ಮಾತ್ರ ಪಡೆದು, ಪ್ರತಿ ವರ್ಗದ ಗಾತ್ರವನ್ನು ಕೇಳಿ, ಮೊತ್ತ ತೆಗೆಯಬೇಕು. ವರ್ಗದ ಗಾತ್ರವೆಂದರೆ ಇಡೀ ಗ್ರೂಪಿನ ಗಾತ್ರವನ್ನು ಪ್ರತಿನಿಧಿಯ ನಾರ್ಮಲೈಸರಿನ (ಆ ಪ್ರತಿನಿಧಿಯನ್ನು ಇನ್ನೊಂದಾಗಿ ಮಾರ್ಪಡಿಸದ ಅಂಶಗಳ ಕೂಟದ) ಗಾತ್ರದಿಂದ ಭಾಗಿಸಿದ್ದು. ಉದಾಹರಣೆಗೆ ಎಸ್-4ರಲ್ಲಿ (1,2)ರಿಂದ ಹುಟ್ಟುವ ಸಬ್‌ಗ್ರೂಪಿನ ನಾರ್ಮಲೈಸರಿನಲ್ಲಿ 4 ಅಂಶಗಳಿವೆ. 24ನ್ನು 4ರಿಂದ ಭಾಗಿಸಿದರೆ 6. ಈ ಕ್ರಮದಲ್ಲಿ ಹತ್ತು ವಸ್ತುಗಳ ಗ್ರೂಪಿಗೆ 1,593 ವರ್ಗಗಳನ್ನು ಇಟ್ಟುಕೊಂಡರೆ ಸಾಕು, ಸಬ್‌ಗ್ರೂಪ್‌ಗಳ ಮೊತ್ತ 2,95,94,446 ಎಂದು ಸಿಗುತ್ತದೆ. ಅದರ ಬದಲು ‘ಆಲ್‌ಸಬ್‌ಗ್ರೂಪ್ಸ್’ ಎಂದು ಕೇಳಿದರೆ ಗ್ಯಾಪ್ ಸುಮಾರು ಮೂರು ಕೋಟಿ ಸಬ್‌ಗ್ರೂಪ್‌ಗಳನ್ನು ಒಂದೊಂದಾಗಿ ಬರೆದಿಡಲು ಹೊರಡುತ್ತದೆ, ಸಾಧಾರಣ ಲ್ಯಾಪ್‌ಟಾಪಿನ ಸ್ಮೃತಿ ತುಂಬಿ, ಮಿತಿ ಮುಟ್ಟಿತೆಂಬ ಸೂಚನೆಯೊಂದಿಗೆ ನಿಲ್ಲುತ್ತದೆ. ಎಸ್-6ರ ಆಚೆಗೆ ಆ ಆಜ್ಞೆಯನ್ನು ನನ್ನ ತರಗತಿಯಲ್ಲಿ ಬಳಸಲು ಬಿಡುವುದಿಲ್ಲ.

ಲೆಕ್ಕ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಫಲಿತಾಂಶವನ್ನು ನಂಬುವುದು ಸುಲಭ. ನಾಯ್‌ಬ್ಯೂಸರ್ ಅವರ ವಿಧಾನದಲ್ಲಿ ಒಂದೇ ಅಂಶದ ಸಬ್‌ಗ್ರೂಪಿನಿಂದ ಹೊರಟು, ಕೈಯಲ್ಲಿರುವ ಸಬ್‌ಗ್ರೂಪಿಗೆ ಅದರ ನಾರ್ಮಲೈಸರಿನಲ್ಲಿರುವ ತಕ್ಕ ಅಂಶವೊಂದನ್ನು ಸೇರಿಸಿ, ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದಾದ ಸಬ್‌ಗ್ರೂಪನ್ನು ಪಡೆಯುತ್ತ ಪದರಪದರವಾಗಿ ಮೇಲೇರುತ್ತಾರೆ. ಸಾಲ್ವಬಲ್ ಆದ (ಇಂಥ ಸಣ್ಣ ಮೆಟ್ಟಿಲುಗಳಿಂದಲೇ ಕಟ್ಟಬಹುದಾದ) ಪ್ರತಿಯೊಂದು ಸಬ್‌ಗ್ರೂಪೂ ಈ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ. ಎಸ್-5ರೊಳಗಿನ 60 ಅಂಶಗಳ ಆಲ್ಟರ್ನೇಟಿಂಗ್ ಗ್ರೂಪಿನಂಥವು ಮಾತ್ರ ಹೀಗೆ ಮೆಟ್ಟಿಲು ಹತ್ತಿ ಬರುವವಲ್ಲ. ಅವುಗಳನ್ನು ಗ್ಯಾಪ್ ತನ್ನಲ್ಲಿ ಸಿದ್ಧವಾಗಿರುವ ಪರ್ಫೆಕ್ಟ್ ಗ್ರೂಪ್‌ಗಳ ಸಂಗ್ರಹದ ಸಹಾಯದಿಂದ ಪ್ರತ್ಯೇಕವಾಗಿ ಹುಡುಕಬೇಕಾಗುತ್ತದೆ. ಈಗಿನ ಗ್ಯಾಪ್‌ನಲ್ಲಿ ಇದರ ಜೊತೆಗೆ ಬೇರೆ ವಿಧಾನಗಳೂ ಸೇರಿವೆ, ಯಾವ ಗ್ರೂಪಿಗೆ ಯಾವುದು ಎಂಬುದನ್ನು ಅದೇ ಆರಿಸಿಕೊಳ್ಳುತ್ತದೆ. ಎಸ್-4ರ ಮಟ್ಟದಲ್ಲಿ ಹಳೆಯ ವಿಧಾನವನ್ನು ಹಲಗೆಯ ಮೇಲೆ ನಡೆಸಿ ತೋರಿಸಿ, ಆಮೇಲೆ ಎಸ್-5ರಲ್ಲಿ ಅದು ಎಲ್ಲಿ ಸಾಲದಾಗುತ್ತದೆ ಎಂಬುದನ್ನು ಕೇಳಿದರೆ ಸಾಲ್ವಬಲ್ ಎಂಬ ಕಲ್ಪನೆಗೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಕೆಲಸ ಸಿಗುತ್ತದೆ.

ಈ ತಂತ್ರಾಂಶ ತನ್ನ ನಿಜವಾದ ಬೆಲೆಯನ್ನು ತೋರಿಸುವುದು ಎಸ್-6ರಲ್ಲಿ. ಅದರ 56 ವರ್ಗಗಳ ಪಟ್ಟಿಯನ್ನು ಗಾತ್ರದೊಂದಿಗೆ ತೆರೆದು ನೋಡಿದರೆ ಸಂಖ್ಯೆಗಳು ಜೋಡಿಜೋಡಿಯಾಗಿ ಕಾಣಿಸುತ್ತವೆ. ಎರಡು ಅಂಶಗಳ ಸಬ್‌ಗ್ರೂಪ್‌ಗಳ ಮೂರು ವರ್ಗಗಳ ಗಾತ್ರ 15, 45 ಮತ್ತು 15; ಮೂರು ಅಂಶಗಳವು 20 ಮತ್ತು 20; 120 ಅಂಶಗಳವು 6 ಮತ್ತು 6. ಆರು ವಸ್ತುಗಳಲ್ಲಿ ಒಂದನ್ನು ಅಲುಗಾಡದಂತೆ ಹಿಡಿದು ಉಳಿದ ಐದನ್ನು ಅದಲುಬದಲು ಮಾಡುವ ಎಸ್-5ರ ಪ್ರತಿಗಳು ಆರೇ ಇರಬೇಕು, ಏಕೆಂದರೆ ಹಿಡಿಯಬಹುದಾದ ವಸ್ತುಗಳು ಆರೇ. ಹಾಗಿದ್ದರೆ ಎರಡನೆಯ ಆರು ಎಲ್ಲಿಂದ ಬಂದವು? ಉತ್ತರ ಹಿಂದಿನ ಮೆಟ್ಟಿಲಿನಲ್ಲಿದೆ. ಎಸ್-5ರಲ್ಲಿ ಐದು ಅಂಶಗಳ ಸಬ್‌ಗ್ರೂಪ್‌ಗಳು ಎಷ್ಟೆಂದು ಎಣಿಸಿದರೆ, ಐದರ ಚಕ್ರಗಳು 24, ಒಂದೊಂದು ಸಬ್‌ಗ್ರೂಪಿನಲ್ಲಿ ಅಂಥವು 4, ಆದ್ದರಿಂದ ಸಬ್‌ಗ್ರೂಪ್‌ಗಳು 6. ಎಸ್-5 ಈ ಆರನ್ನು ಕಾಂಜುಗೇಟ್ ಮಾಡುತ್ತ (ವಸ್ತುಗಳ ಹೆಸರು ಬದಲಿಸುತ್ತ) ತಮ್ಮೊಳಗೇ ಅದಲುಬದಲು ಮಾಡುತ್ತದೆ. ಹೀಗೆ ಅದು ಆರು ವಸ್ತುಗಳ ಮೇಲೆ, ಯಾವ ಒಂದನ್ನೂ ಸ್ಥಿರವಾಗಿ ಬಿಡದೆ, ಕ್ರಿಯೆ ನಡೆಸುವ ಗ್ರೂಪಾಗುತ್ತದೆ. ಎರಡನೆಯ ವರ್ಗ ಅದೇ. ಗ್ಯಾಪ್‌ನಲ್ಲಿ ಎರಡೂ ವರ್ಗಗಳ ಪ್ರತಿನಿಧಿಗಳನ್ನು ತೆಗೆದುಕೊಂಡು ಟ್ರಾನ್ಸಿಟಿವ್ (ಯಾವ ವಸ್ತುವನ್ನೂ ಬೇರೆ ಯಾವುದರ ಜಾಗಕ್ಕೂ ಒಯ್ಯಬಲ್ಲದ್ದು) ಹೌದೋ ಅಲ್ಲವೋ ಎಂದು ಕೇಳಿದರೆ ಒಂದಕ್ಕೆ ಇಲ್ಲ, ಇನ್ನೊಂದಕ್ಕೆ ಹೌದು ಎಂಬ ಉತ್ತರ ಬರುತ್ತದೆ. ಈ ಎರಡು ವರ್ಗಗಳನ್ನು ಪರಸ್ಪರ ಬದಲಿಸುವ, ಗ್ರೂಪಿನ ಒಳಗಿನಿಂದ ಬಾರದ ಆಟೊಮಾರ್ಫಿಸಂ (ರಚನೆ ಕೆಡದಂತೆ ಗ್ರೂಪನ್ನು ಅದರ ಮೇಲೆಯೇ ಹೊಂದಿಸುವ ಮಾರ್ಪಾಡು) ಎಸ್-6ಕ್ಕೆ ಮಾತ್ರ ಇದೆ, ಬೇರೆ ಯಾವ ಸಿಮೆಟ್ರಿಕ್ ಗ್ರೂಪಿಗೂ ಇಲ್ಲ ಎಂಬುದನ್ನು ಓಟ್ಟೊ ಹೋಲ್ಡರ್ 1895ರಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ಒಂದು ಸಾಲಿನ ಅಪವಾದವಾಗಿ ಬಂದುಹೋಗುವ ಈ ಸಂಗತಿಯನ್ನು ವಿದ್ಯಾರ್ಥಿಗಳು ಪಟ್ಟಿಯೊಂದರಿಂದ ತಾವಾಗಿಯೇ ಹೆಕ್ಕಿ ತೆಗೆಯುವಂತೆ ಮಾಡುವ ಬೇರೊಂದು ಸಾಧನ ನನಗೆ ಗೊತ್ತಿಲ್ಲ.

ದೋಷಗಳಿಗೆ ಬರೋಣ. ನಮ್ಮ ಕಡೆ ಜೂನ್ ಕಳೆದ ಮೇಲೆ ವಿದ್ಯುತ್ ಇದ್ದಾಗ ಇರುತ್ತದೆ, ಇಲ್ಲದಾಗ ಇಲ್ಲ. ಎಸ್-8ರವರೆಗಿನ ಲೆಕ್ಕಗಳಿಗೆ ಇದು ಅಡ್ಡಿಯಾಗುವುದಿಲ್ಲ, ಅವು ಬೇಗ ಮುಗಿಯುತ್ತವೆ. ಅದರಾಚೆಗೆ ಕಾಯುವ ಹೊತ್ತು ಬೆಳೆಯುತ್ತದೆ, ಬ್ಯಾಟರಿ ಸೋತ ಲ್ಯಾಪ್‌ಟಾಪಿನಲ್ಲಿ ಆ ಹೊತ್ತನ್ನು ನಂಬುವಂತಿಲ್ಲ. ಗ್ಯಾಪ್‌ನಲ್ಲಿ ಇಡೀ ಕೆಲಸವನ್ನು ಉಳಿಸಿಡುವ ‘ಸೇವ್‌ವರ್ಕ್‌ಸ್ಪೇಸ್’ ಎಂಬ ಆಜ್ಞೆಯೇನೋ ಇದೆ. ಆದರೆ ಒಂದು ಲೆಕ್ಕ ಮುಗಿದು ಇನ್ನೊಂದು ಆರಂಭವಾಗುವ ಮೊದಲು, ಮುಖ್ಯ ಸೂಚನೆಯ ಮುಂದೆ ಮಾತ್ರ ಅದು ಕೆಲಸ ಮಾಡುತ್ತದೆ. ಲೆಕ್ಕದ ನಡುವೆ ಕಂಟ್ರೋಲ್-ಸಿ ಒತ್ತಿ ತಡೆದು, ಆಮೇಲೆ ಮುಂದುವರಿಸಲು ಸಾಧ್ಯ. ಹಾಗೆ ತಡೆದ ಸ್ಥಿತಿಯನ್ನು ಮಾತ್ರ ಡಿಸ್ಕಿಗೆ ಬರೆದಿಡಲು ಬರುವುದಿಲ್ಲ. ಕರೆಂಟು ಹೋದರೆ ಆ ಒಂದು ಲೆಕ್ಕ ಮೊದಲಿನಿಂದ. ಮಳೆಗಾಲದಲ್ಲಿ ಬಳಸುವವರಿಗೆ ನನ್ನ ಸಲಹೆ ಎಂದರೆ, ಕೂತ ಕೂಡಲೇ ‘ಲಾಗ್‌ಟು’ ಆಜ್ಞೆಯಿಂದ ಎಲ್ಲ ಸಾಲುಗಳೂ ಒಂದು ಕಡತಕ್ಕೆ ಹೋಗುವಂತೆ ಮಾಡುವುದು, ದೊಡ್ಡ ಲೆಕ್ಕವನ್ನು ಸಣ್ಣ ಲೆಕ್ಕಗಳಾಗಿ ಒಡೆದು, ಪ್ರತಿಯೊಂದು ಮುಗಿದ ಮೇಲೂ ಉಳಿಸುವುದು. ಕೈಪಿಡಿಯ ಬಗ್ಗೆಯೂ ಒಂದು ಅಸಮಾಧಾನವಿದೆ. ಅದು ಪೂರ್ಣವಾಗಿದೆ, ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿಷಯದ ಹೆಸರು ಬರೆದರೆ ಅಲ್ಲೇ ತೆರೆದುಕೊಳ್ಳುತ್ತದೆ. ಆದರೆ ಈಗಾಗಲೇ ವಿಷಯ ಬಲ್ಲವರಿಗಾಗಿ ಬರೆದದ್ದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮೊದಲ ವರ್ಷದ ವಿದ್ಯಾರ್ಥಿಗೆ ಅದನ್ನು ಹಾಗೇ ಕೊಡುವುದು ತರವಲ್ಲ, ಅಧ್ಯಾಪಕರೇ ಒಂದೆರಡು ಪುಟದ ಟಿಪ್ಪಣಿ ಸಿದ್ಧಮಾಡಿಕೊಳ್ಳಬೇಕು. ಸಬ್‌ಗ್ರೂಪ್‌ಗಳ ಲ್ಯಾಟಿಸ್ ಚಿತ್ರವನ್ನು (ಯಾವುದರೊಳಗೆ ಯಾವುದಿದೆ ಎಂಬ ನಕ್ಷೆಯನ್ನು) ಗ್ಯಾಪ್ ನೇರವಾಗಿ ಬಿಡಿಸಿ ತೋರಿಸುವುದೂ ಇಲ್ಲ. ಒಂದು ಡಾಟ್ ಕಡತ ಬರೆದುಕೊಡುತ್ತದೆ, ಚಿತ್ರಕ್ಕೆ ಗ್ರಾಫ್‌ವಿಜ್ ಎಂಬ ಇನ್ನೊಂದು ತಂತ್ರಾಂಶ ಬೇಕು.

ಸಂಖ್ಯೆಗಳನ್ನು ಸಾಲಾಗಿ ಬರೆದುಕೊಂಡವರಿಗೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಎಸ್-8ರಲ್ಲಿ 1,51,221, ಎಸ್-9ರಲ್ಲಿ 16,94,723. ಒಂದೊಂದು ಹೆಜ್ಜೆಗೂ ಎಷ್ಟು ಪಟ್ಟು ಏರಿತೆಂದು ಭಾಗಿಸಿ ನೋಡಿದರೆ, ಐದರಿಂದ ಆರಕ್ಕೆ ಸುಮಾರು 9.3, ಆರರಿಂದ ಏಳಕ್ಕೆ 7.8, ಏಳರಿಂದ ಎಂಟಕ್ಕೆ 13.4, ಎಂಟರಿಂದ ಒಂಬತ್ತಕ್ಕೆ 11.2, ಒಂಬತ್ತರಿಂದ ಹತ್ತಕ್ಕೆ 17.5. ಸಮಸಂಖ್ಯೆಗೆ ಕಾಲಿಡುವಾಗಲೆಲ್ಲ ಜಿಗಿತ ದೊಡ್ಡದು. ವಸ್ತುಗಳು ಸಮಸಂಖ್ಯೆಯಲ್ಲಿದ್ದಾಗ ಹೊಸದಾಗಿ ಇನ್ನೊಂದು ಜೋಡಿ ಸೇರುತ್ತದೆ ಎಂಬುದನ್ನು ಗಮನಿಸಿದರೆ ಕಾರಣದ ಸುಳಿವು ಸಿಗುತ್ತದೆ. ಎಂಟು ವಸ್ತುಗಳನ್ನು ನಾಲ್ಕು ಜೋಡಿ ಮಾಡಿ, ಪ್ರತಿ ಜೋಡಿಯೊಳಗೆ ಮಾತ್ರ ಅದಲುಬದಲು ಮಾಡಲು ಬಿಟ್ಟರೆ 16 ಅಂಶಗಳ ಒಂದು ಗ್ರೂಪ್ ಸಿಗುತ್ತದೆ. ಅದು 0 ಮತ್ತು 1 ಎಂಬ ಎರಡೇ ಅಂಕಗಳ ಮೇಲಿನ ನಾಲ್ಕು ಆಯಾಮದ ವೆಕ್ಟರ್ ಸ್ಪೇಸ್ ಇದ್ದಂತೆ, ಅದರ ಸಬ್‌ಸ್ಪೇಸ್‌ಗಳಷ್ಟೂ ಸಬ್‌ಗ್ರೂಪ್‌ಗಳೇ. ಅವು 67. ಹತ್ತು ವಸ್ತುಗಳಿಗೆ ಐದು ಆಯಾಮ, 374. ಹದಿನೆಂಟಕ್ಕೆ ಒಂಬತ್ತು ಆಯಾಮ, 82,83,458. ಇಷ್ಟೂ ಒಂದೇ ಒಂದು ಜೋಡಣೆಯಿಂದ.

ಈ ಲೆಕ್ಕದಿಂದಲೇ ಸಬ್‌ಗ್ರೂಪ್‌ಗಳ ಸಂಖ್ಯೆಗೆ ಒಂದು ಕೆಳಮಿತಿ ಸಿಗುತ್ತದೆ: ಎನ್ ವಸ್ತುಗಳಿದ್ದರೆ ಅದು ಸರಿಸುಮಾರು 2ರ ಘಾತ ಎನ್‌ನ ವರ್ಗದ (ಇಲ್ಲಿ ವರ್ಗವೆಂದರೆ ಎನ್ × ಎನ್) 16ನೇ ಒಂದು ಭಾಗ. ಲಾಸ್ಲೊ ಪೀಬರ್ 1993ರಲ್ಲಿ ಇದರ ಜೊತೆಗೆ 24ರ ಘಾತ ಎನ್‌ನ ವರ್ಗದ ಆರನೇ ಒಂದು ಭಾಗ ಎಂಬ ಮೇಲ್ಮಿತಿಯನ್ನೂ ಕೊಟ್ಟು, ಕೆಳಗಿನದೇ ನಿಜವಾದ ಬೆಳವಣಿಗೆ ಇರಬೇಕೆಂದು ಊಹಿಸಿದ್ದರು. 2025ರಲ್ಲಿ ಕೊಲ್ವಾ ರೋನಿ-ಡುಗಲ್ ಮತ್ತು ಗ್ಯಾರೆತ್ ಟ್ರೇಸಿ ಆ ಊಹೆ ಸರಿಯೆಂದು ಸಾಧಿಸಿದ ಪ್ರಬಂಧವನ್ನು ಹೊರತಂದರು. ಎಣಿಕೆಯ ದಿಕ್ಕಿನಿಂದ ಡೆರೆಕ್ ಹೋಲ್ಟ್ 2010ರ ಹೊತ್ತಿಗೆ ಎಸ್-18ರವರೆಗೆ ಹೋಗಿದ್ದಾರೆ: ಅಲ್ಲಿ 72,74,651 ವರ್ಗಗಳು, ಸಬ್‌ಗ್ರೂಪ್‌ಗಳ ಒಟ್ಟು ಸಂಖ್ಯೆ 7598016157515302757, ಅಂದರೆ 19 ಅಂಕಿಗಳದ್ದು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಎನ್ 18 ಆದಾಗ ವರ್ಗದ 16ನೇ ಒಂದು ಭಾಗ 20.25, 2ರ ಆ ಘಾತ ಸುಮಾರು ಹನ್ನೆರಡೂವರೆ ಲಕ್ಷ. ನಿಜವಾದ ಸಂಖ್ಯೆಯನ್ನು 2ರ ಘಾತವಾಗಿ ಬರೆದರೆ 62ನ್ನೂ ದಾಟುತ್ತದೆ. ಪ್ರಮೇಯ ಹೇಳುವುದು ಎನ್ ಬಹಳ ಬಹಳ ದೊಡ್ಡದಾದಾಗಿನ ಮಾತು. 18ರವರೆಗಿನ ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ 16 ಎಂಬ ಛೇದ ಹೊಳೆಯುವುದಿಲ್ಲ. ಕಂಪ್ಯೂಟರಿನಿಂದ ಪಟ್ಟಿ ಪಡೆದು ನಿಯಮ ಊಹಿಸುವ ಹುಮ್ಮಸ್ಸಿನ ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನು ನಾನು ತಪ್ಪದೆ ತೋರಿಸುತ್ತೇನೆ.

ಬೇರೆ ಆಯ್ಕೆಗಳಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ‘ಮ್ಯಾಗ್ಮ’ ಪ್ರಬಲವಾದದ್ದು, ಆದರೆ ಹಣ ಕೊಟ್ಟು ಪರವಾನಗಿ ಪಡೆಯಬೇಕು; ಸಣ್ಣ ಕಾಲೇಜುಗಳಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ‘ಸೇಜ್’ ಉಚಿತ, ಅದರೊಳಗೆ ಗ್ರೂಪ್‌ಗಳ ಲೆಕ್ಕ ಮಾಡುವುದು ಬಹುಮಟ್ಟಿಗೆ ಗ್ಯಾಪ್ ತಾನೇ. ಪೈಥಾನ್ ಬಲ್ಲವರಿಗೆ ಅದು ಅನುಕೂಲ. ಏನನ್ನೂ ಸ್ಥಾಪಿಸದೆ ರುಚಿ ನೋಡಬೇಕೆನ್ನುವವರು ‘ಸೇಜ್‌ಸೆಲ್’ ಪುಟವನ್ನು ತೆರೆದು, ಭಾಷೆಯ ಪಟ್ಟಿಯಲ್ಲಿ ಗ್ಯಾಪ್ ಆರಿಸಿ, ಎಸ್-4 ಮತ್ತು ಎಸ್-5ರ ಲೆಕ್ಕಗಳನ್ನು ಮೊಬೈಲಿನಲ್ಲೇ ಮಾಡಬಹುದು. ಶಂಕರಘಟ್ಟದಲ್ಲಾಗಲಿ ಸಾಗರದಲ್ಲಾಗಲಿ ಗಣಿತ ಸ್ನಾತಕೋತ್ತರ ಓದುತ್ತಿರುವವರು ಮಾತ್ರ ಅಷ್ಟಕ್ಕೆ ನಿಲ್ಲದೆ ತಮ್ಮ ಯಂತ್ರದಲ್ಲೇ ಗ್ಯಾಪ್ ಹಾಕಿಕೊಂಡು, ಎಸ್-6ರ 56 ವರ್ಗಗಳನ್ನು ಒಮ್ಮೆ ಸಾಲಾಗಿ ಓದಬೇಕು. ಪದವಿಯ ಮೊದಲ ವರ್ಷದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಎಸ್-4ರ ಮೂವತ್ತನ್ನು ಕೈಯಿಂದ ಒಮ್ಮೆ ಬರೆದಾದ ಮೇಲೆ ಅವರಿಗೂ ಕೊಡಬಹುದು.